ಒಂಬತ್ತು ವರ್ಷ ಮೂಲೆಯಲ್ಲಿ ನಿಂತಿದ್ದ ಔಟ್‌ಬೋರ್ಡ್ ಮೋಟರ್: ಕೊಂಡದ್ದು, ಬಿಚ್ಚಿದ್ದು, ಹೊಳೆಗೆ ಇಳಿಸಿದ್ದು

ಕಳೆದ ವರ್ಷ ದಸರಾ ಮುಗಿದ ಮೇಲೆ ಕಾರವಾರದ ಮೀನುಗಾರ ಕುಟುಂಬವೊಂದರಿಂದ ಯಮಹಾ ಕಂಪನಿಯ ಎಂಡ್ಯೂರೋ ಶ್ರೇಣಿಯ 8 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟರನ್ನು, ಎಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಜಿನ್ನನ್ನು, 31,000 ರೂಪಾಯಿಗೆ ಕೊಂಡೆ. ಅದು ಒಂಬತ್ತು ವರ್ಷಗಳಿಂದ ಚಾಲೂ ಆಗಿರಲಿಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಅದು ಹಾವೇರಿ ತಾಲ್ಲೂಕಿನ ಗಳಗನಾಥದ ಹತ್ತಿರ, ವರದೆಯು ತುಂಗಭದ್ರೆಯನ್ನು ಕೂಡುವ ಕಡೆಯ ನಮ್ಮೂರಲ್ಲಿ, ನನ್ನ ಚಿಕ್ಕಪ್ಪನ ಮಗನ ಮೀನು ದೋಣಿಯ ಹಿಂದೆ ಕುಳಿತು ಕೆಲಸ ಮಾಡಿದೆ. ಕೊಂಡ ದಿನದಿಂದ ಹೊಳೆಗೆ ಇಳಿಸುವ ದಿನದವರೆಗೆ ಆರು ವಾರ ಹಿಡಿಯಿತು. ಆ ಆರು ವಾರಗಳಲ್ಲಿ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಮೂರೇ ದಿನ. ಉಳಿದದ್ದೆಲ್ಲ ಅದು ತನ್ನನ್ನು ತಣಿಸಿಕೊಳ್ಳಲು ಸರಿಯಾಗಿ ನೀರು ಎತ್ತುವಂತೆ ಮಾಡುವುದಕ್ಕೆ ಹೋಯಿತು. ಹಳೆಯ ಮೋಟರ್ ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆ ‘ಚಾಲೂ ಆಗುತ್ತದೆಯೇ’ ಎಂಬುದು. ನಾನೂ ಅದನ್ನೇ ಕೇಳಿದೆ, ಮತ್ತು ಅದನ್ನು ಮಾತ್ರ ಕೇಳಿದ್ದರಿಂದ ನನಗೆ ಹಣವೂ ಸಮಯವೂ ಹೆಚ್ಚು ಖರ್ಚಾದವು. ಆ ಅನುಭವವನ್ನೂ, ಹುಬ್ಬಳ್ಳಿಯ ಎರಡು ವರ್ಕ್‌ಶಾಪುಗಳಲ್ಲಿ ದೊರೆತ ಎರಡು ಬಗೆಯ ಸೇವೆಯನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೋಟರ್ ಬೇಕಾದ ಕಾರಣ ಸರಳವಾದದ್ದು. ನನ್ನ ತಮ್ಮನ ದೋಣಿ ಹದಿನಾರು ಅಡಿಯ ಫೈಬರ್ ದೋಣಿ. ಸಂಜೆ ಹೊಳೆಯ ಇಳಿಮುಖವಾಗಿ ಹೋಗಿ ಬಲೆ ಬಿಡುವುದು ಕಷ್ಟವಲ್ಲ, ಏಕೆಂದರೆ ನೀರೇ ದೋಣಿಯನ್ನು ಒಯ್ಯುತ್ತದೆ. ಆದರೆ ಬೆಳಗಿನ ಜಾವ ಬಲೆ ಎತ್ತಿ, ಒದ್ದೆ ಬಲೆಯ ಭಾರವನ್ನೂ ಮೀನಿನ ಬುಟ್ಟಿಗಳನ್ನೂ ಹೊತ್ತುಕೊಂಡು ಸೆಳವಿಗೆ ಎದುರಾಗಿ ಎರಡು ಕಿಲೋಮೀಟರ್ ಹುಟ್ಟು ಹಾಕುವುದೆಂದರೆ ಒಂದೂಕಾಲು ತಾಸಿನ ದುಡಿಮೆ. ಮಳೆಗಾಲ ಮುಗಿದ ಹೊಸತರಲ್ಲಿ ಹೊಳೆಯ ಸೆಳವು ಜೋರಾಗಿರುವಾಗ ಅದು ಇನ್ನೂ ಹೆಚ್ಚು. ಎರಡು ವರ್ಷಗಳಿಂದ ಅವನ ಬಲಭುಜ ನೋಯುತ್ತಿತ್ತು. ಹೊಸ ಮೋಟರಿನ ಬೆಲೆ ಅವನ ಆದಾಯಕ್ಕೆ ಎಟುಕುವಂಥದ್ದಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತ ವಾರಕ್ಕೊಮ್ಮೆ ಊರಿಗೆ ಹೋಗುವ ನನಗೆ ಯಂತ್ರಗಳ ಬಗೆಗೆ ಮೊದಲಿನಿಂದಲೂ ಆಸ್ಥೆ ಇದ್ದುದರಿಂದ, ಹಳೆಯದೊಂದನ್ನು ತಂದು ಸರಿಪಡಿಸೋಣವೆಂದು ಒಪ್ಪಿಕೊಂಡೆ.

ನಮ್ಮ ಕಡೆ ಇಂಥ ಮೋಟರುಗಳ ಮಾರುಕಟ್ಟೆಯೇ ಇಲ್ಲ; ಕರಾವಳಿಗೇ ಹೋಗಬೇಕು. ಅಲ್ಲಿ 8 ಮತ್ತು 9.9 ಅಶ್ವಶಕ್ತಿಯ ಮೋಟರುಗಳೇ ಹೆಚ್ಚಾಗಿ ಕಾಣುವುದಕ್ಕೆ ಒಂದು ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ 10 ಅಶ್ವಶಕ್ತಿಯೊಳಗಿನ ಮೋಟರ್ ಇರುವ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ಬಹಳಷ್ಟು ಸೀಮೆಎಣ್ಣೆಯಲ್ಲಿ ಓಡುವಂಥವು: ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ಬದಲಿಸಬೇಕು. ನಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗದೆ ಎಷ್ಟೋ ಕಾಲವಾಗಿರುವುದರಿಂದ ಅಂಥ ಮೂರು ಮೋಟರುಗಳನ್ನು, ಬೆಲೆ ಕಡಿಮೆಯಿದ್ದರೂ, ಬಿಟ್ಟು ಬಂದೆ. ನಾಲ್ಕನೆಯದು ಪೆಟ್ರೋಲಿನದು: ಎರಡು ಸಿಲಿಂಡರ್, ಎರಡು ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಬಗೆ), 165 ಸಿಸಿ, ಹಗ್ಗ ಎಳೆದು ಚಾಲೂ ಮಾಡುವಂಥದ್ದು, ಮುಂದೆ ಹಿಂದೆ ಎರಡೂ ಗೇರ್ ಇರುವಂಥದ್ದು. ಒಬ್ಬನೇ ಹೆಗಲ ಮೇಲೆ ಹೊತ್ತು ದಂಡೆಯಿಂದ ಮನೆಗೆ ತರಬಹುದಾದಷ್ಟು ತೂಕ. ಕಳ್ಳತನದ ಭಯವಿರುವ ಕಡೆ ಇದು ಸಣ್ಣ ಅನುಕೂಲವಲ್ಲ.

ಮಾರಿದವರು ಪ್ರಾಮಾಣಿಕರು. ಮನೆಯ ಹಿರಿಯರು ಸಮುದ್ರಕ್ಕೆ ಹೋಗುವುದನ್ನು ನಿಲ್ಲಿಸಿದ ಮೇಲೆ ಮಕ್ಕಳು ಗೋವೆಯಲ್ಲಿ ನೌಕರಿ ಹಿಡಿದಿದ್ದರು. ಮೋಟರ್ ಹಿತ್ತಲ ಕೋಣೆಯಲ್ಲಿ ಮರದ ಸ್ಟ್ಯಾಂಡಿನ ಮೇಲೆ ನಿಂತೇ ಇತ್ತು. ಮಲಗಿಸಿ ಇಟ್ಟಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಕೆಳಗಿನ ಭಾಗದಲ್ಲಿ ಉಳಿದ ನೀರು ಎಕ್ಸಾಸ್ಟ್ ದಾರಿಯಿಂದ ಸಿಲಿಂಡರಿಗೆ ಹರಿದು, ಒಳಗೆ ತುಕ್ಕು ಹಿಡಿಸುವುದು ಮಲಗಿಸಿ ಇಟ್ಟ ಮೋಟರುಗಳ ಸಾಮಾನ್ಯ ಗತಿ. ಕೊನೆಯ ಸಲ ಸಮುದ್ರದಿಂದ ಬಂದಾಗ ಸಿಹಿನೀರಿನಲ್ಲಿ ಓಡಿಸಿ ತೊಳೆದಿರಲಿಲ್ಲವೆಂದೂ, ಮರುದಿನವೇ ಹೋಗುವ ಯೋಚನೆ ಇದ್ದುದರಿಂದ ಹಾಗೆಯೇ ಇಟ್ಟರೆಂದೂ ಅವರೇ ಹೇಳಿದರು. ಆ ಮರುದಿನ ಬರಲೇ ಇಲ್ಲ. ಅವರು ಹೇಳಿದ ಆ ಒಂದು ಮಾತಿಗೆ ನಾನು ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ.

ನಾನು ಅಲ್ಲಿ ಪರೀಕ್ಷಿಸಿದ್ದು ಇಷ್ಟು. ಮೊದಲು ಹಗ್ಗ ಎಳೆಯಲು ಬಿಡದೆ ಎರಡೂ ಪ್ಲಗ್ ಬಿಚ್ಚಿಸಿ, ಆ ರಂಧ್ರಗಳಿಂದ ಒಂದೊಂದು ಚಮಚ ಎಂಜಿನ್ ಆಯಿಲ್ ಹಾಕಿ, ಊಟ ಮುಗಿಸಿ ಬರುವವರೆಗೆ ಬಿಟ್ಟೆ. ವರ್ಷಗಟ್ಟಲೆ ನಿಂತ ಸಿಲಿಂಡರಿನ ಗೋಡೆ ಒಣಗಿರುತ್ತದೆ. ತೆಳುವಾದ ತುಕ್ಕಿನ ಪದರದ ಮೇಲೆ ಪಿಸ್ಟನ್ನಿನ ರಿಂಗುಗಳನ್ನು ರಭಸದಿಂದ ಎಳೆದರೆ ಗೀರು ಬೀಳುತ್ತದೆ, ಗೀರು ಬಿದ್ದ ಮೇಲೆ ಮಾಡಲು ಬರುವುದು ದೊಡ್ಡ ರಿಪೇರಿ ಮಾತ್ರ. ಆಮೇಲೆ ಹಗ್ಗವನ್ನು ನಿಧಾನವಾಗಿ ಎಳೆದಾಗ ಎಂಜಿನ್ ಸಲೀಸಾಗಿ ತಿರುಗಿತು. ಒತ್ತಡದ ಮೀಟರನ್ನು ಒಯ್ದಿದ್ದೆನಾದರೂ, ಎಣ್ಣೆ ಹಾಕಿದ ಸಿಲಿಂಡರ್ ಇರುವುದಕ್ಕಿಂತ ಹೆಚ್ಚಿನ ಒತ್ತಡ ತೋರಿಸುವುದರಿಂದ ಅಲ್ಲಿ ಬಂದ ಅಂಕಿಯನ್ನು ನಂಬಲಿಲ್ಲ. ಎರಡೂ ಸಿಲಿಂಡರುಗಳು ಹೆಚ್ಚು ಕಡಿಮೆ ಸಮ ಇರುವುದನ್ನಷ್ಟೇ ನೋಡಿಕೊಂಡೆ. ಮುಂದೆ ಎಣ್ಣೆ ಸುಟ್ಟುಹೋದ ಮೇಲೆ ಅಳೆದಾಗ ಒಂದು 102, ಇನ್ನೊಂದು 98 ಪಿಎಸ್‌ಐ ಬಂತು. ಎರಡರ ನಡುವಿನ ಅಂತರ ಶೇಕಡಾ 10ನ್ನು ಮೀರದಿದ್ದರೆ ಚಿಂತಿಸಬೇಕಿಲ್ಲ. ಪ್ಲಗ್ಗಿನ ತುದಿಯಲ್ಲಿ ಕಿಡಿ ನೀಲಿಯಾಗಿಯೇ ಹಾರಿತು. ಗೇರ್ ಭಾಗದ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಬಂದ ಎಣ್ಣೆ ಮಾತ್ರ ಹಾಲು ಬೆರೆಸಿದ ಚಹಾದ ಬಣ್ಣದ್ದಾಗಿತ್ತು. ಒಳಗೆ ನೀರು ಸೇರಿದೆ ಎಂಬುದಕ್ಕೆ ಅದೇ ಗುರುತು. ಅದನ್ನು ತೋರಿಸಿ ಬೆಲೆಯಲ್ಲಿ ನಾಲ್ಕು ಸಾವಿರ ಇಳಿಸಿಕೊಂಡೆ. ಸಿಲಿಂಡರುಗಳನ್ನು ಮುಚ್ಚುವ ಹೆಡ್ ಬಿಚ್ಚಿ ನೋಡುವುದಾಗಲಿ, ನೀರಿನ ಪಂಪನ್ನು ತೆರೆದು ನೋಡುವುದಾಗಲಿ ನನಗೆ ಹೊಳೆಯಲಿಲ್ಲ.

ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ದಾರಿಯಾಗಿ, ಗೋಣಿಚೀಲಗಳ ನಡುವೆ ಮೋಟರನ್ನು ನೆಟ್ಟಗೆ ಕಟ್ಟಿಕೊಂಡು ಹುಬ್ಬಳ್ಳಿಗೆ ತಂದೆ.

ಇನ್ನು ಮೊದಲ ವರ್ಕ್‌ಶಾಪಿನ ವಿಷಯ. ಹೆಸರು ಹೇಳುವುದು ನನ್ನ ಉದ್ದೇಶವಲ್ಲ. ಎರಡು ಸ್ಟ್ರೋಕ್ ಬೈಕುಗಳ ಕಾಲದಲ್ಲಿ ಕೈ ಪಳಗಿಸಿಕೊಂಡ ಮಿಸ್ತ್ರಿಗಳು ಹುಬ್ಬಳ್ಳಿಯಲ್ಲಿ ಇನ್ನೂ ಕೆಲವರಿದ್ದಾರೆ. 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100 ಬೈಕನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲವರು ಅವರು. ಅಂಥವರೊಬ್ಬರ ಬಳಿ ಮೋಟರ್ ಒಯ್ದೆ. ‘ಇದೇನು ದೊಡ್ಡದಲ್ರಿ ಸರ, ಆರ್‌ಎಕ್ಸ್ ಇದ್ದಂಗ ಐತಿ, ಎರಡು ಸಿಲಿಂಡರ್ ಅದಾವು ಅಷ್ಟ’ ಎಂದರು. ಕಾರ್ಬ್ಯುರೇಟರಿನ ಮಟ್ಟಿಗೆ ಅವರ ಮಾತು ನಿಜವಾಗಿತ್ತು. ಒಂಬತ್ತು ವರ್ಷದ ಹಿಂದೆ ಬಟ್ಟಲಿನಲ್ಲಿ ಉಳಿದಿದ್ದ ಪೆಟ್ರೋಲ್ ಆರಿ, ಹಸಿರು ಬಣ್ಣದ ಅಂಟು ಅರಗಿನಂತೆ ಗಟ್ಟಿಯಾಗಿ ಕುಳಿತಿತ್ತು. ಅದನ್ನು ಕರಗಿಸಿ, ಜೆಟ್ಟುಗಳನ್ನು ತೆರೆದು, ಹೊಸ ಪ್ಲಗ್ ಹಾಕಿ ಮೂರನೆಯ ದಿನ ನನ್ನನ್ನು ಕರೆದರು. ನಾಲ್ಕನೆಯ ಎಳೆತಕ್ಕೆ ಎಂಜಿನ್ ಹೊತ್ತಿಕೊಂಡಿತು. ಆ ಸದ್ದು ಕೇಳಿ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ನೋಡಿದರು.

ಆ ಸಂತೋಷದಲ್ಲಿ ನಾನು ಕಾಣದೆ ಹೋದದ್ದೆಂದರೆ ಮೋಟರಿನ ಕಾಲು ನಿಂತಿದ್ದ ಬಕೆಟ್ಟಿನಲ್ಲಿ ಗೇಣುದ್ದವೂ ನೀರಿಲ್ಲದಿದ್ದುದು. ಬೈಕಿನ ಎಂಜಿನ್ ಗಾಳಿಗೆ ತಣಿಯುತ್ತದೆ. ಔಟ್‌ಬೋರ್ಡ್ ಎಂಜಿನ್ ತಾನು ನಿಂತ ಹೊಳೆಯ ನೀರನ್ನೇ ಎತ್ತಿಕೊಂಡು ತಣಿಯುತ್ತದೆ. ಪ್ರೊಪೆಲ್ಲರಿಗಿಂತ ತುಸು ಮೇಲೆ, ಗೇರ್ ಭಾಗದ ತಲೆಯ ಮೇಲೆ ರಬ್ಬರ್ ರೆಕ್ಕೆಗಳ ಒಂದು ಸಣ್ಣ ಚಕ್ರವಿದೆ. ಅದಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ಎಂಜಿನ್ ತಿರುಗಿದಾಗ ಅದೂ ತಿರುಗಿ, ನೀರನ್ನು ಕೊಳವೆಯೊಂದರ ಮೂಲಕ ಮೇಲಕ್ಕೆ, ಸಿಲಿಂಡರಿನ ಸುತ್ತಲಿನ ಕಾಲುವೆಗಳಿಗೆ ತಳ್ಳುತ್ತದೆ. ಅದರಲ್ಲಿ ಒಂದು ಪಾಲು ಮೋಟರಿನ ಹಿಂಬದಿಯ ಸಣ್ಣ ರಂಧ್ರದಿಂದ ಧಾರೆಯಾಗಿ ಹೊರಗೆ ಚಿಮ್ಮಬೇಕು. ಆ ಧಾರೆಯೊಂದೇ ಒಳಗೆ ನೀರು ಹರಿಯುತ್ತಿದೆ ಎಂಬುದಕ್ಕೆ ಹೊರಗೆ ಕಾಣುವ ಸಾಕ್ಷಿ. ರಬ್ಬರ್ ರೆಕ್ಕೆಗಳಿಗೆ ನೀರೇ ಜಾರುಕವಾದ್ದರಿಂದ, ನೀರಿಲ್ಲದೆ ತಿರುಗಿದರೆ ಕೆಲವೇ ಕ್ಷಣಗಳಲ್ಲಿ ಉಜ್ಜಿ ಸುಡುತ್ತವೆ. ನಮ್ಮ ಮೋಟರ್ ಒಂದೂವರೆ ನಿಮಿಷ ಹಾಗೆ ಓಡಿತು. ಧಾರೆ ಬರಲಿಲ್ಲ. ಹೆಡ್ಡಿನಿಂದ ಸುಟ್ಟ ವಾಸನೆ ಬಂದ ಮೇಲೆ ನಿಲ್ಲಿಸಿದೆವು.

ಮರುದಿನ ಅವರು ನನ್ನನ್ನು ಕೇಳದೆ ಹೆಡ್ ಬಿಚ್ಚಲು ಹೋಗಿ ಒಂದು ಬೋಲ್ಟನ್ನು ಮುರಿದರು, ಮುರಿದ ಜಾಗಕ್ಕೆ ಸಿಲಿಕಾನ್ ಅಂಟು ತುಂಬಿ ಮುಚ್ಚಿ, 2,500 ರೂಪಾಯಿ ಪಡೆದು ಮೋಟರ್ ಮರಳಿಸಿದರು. ಬೋಲ್ಟ್ ಮುರಿಯುವುದು ತಪ್ಪಲ್ಲ. ಉಪ್ಪುನೀರು ಕುಡಿದ ಅಲ್ಯೂಮಿನಿಯಂ ಎರಕದೊಳಗೆ ಸ್ಟೀಲ್ ಬೋಲ್ಟ್ ಹತ್ತು ವರ್ಷ ಕುಳಿತರೆ ಎರಡೂ ಲೋಹಗಳ ನಡುವೆ ಬಿಳಿಯ ಪುಡಿ ಬೆಳೆದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಎಂಥ ಜಾಣ ಮಿಸ್ತ್ರಿಯ ಕೈಯಲ್ಲೂ ಮುರಿಯಬಹುದು. ಮುರಿದದ್ದನ್ನು ಹೇಳದೆ ಮುಚ್ಚಿದ್ದು ನನಗೆ ನೋವುಂಟುಮಾಡಿತು. ಅಂಟು ಹಚ್ಚಿದ ಹೆಡ್ಡಿನೊಂದಿಗೆ ದೋಣಿ ನಡುಹೊಳೆಗೆ ಹೋಗಿದ್ದರೆ, ಹೆಡ್ಡಿನ ಕೆಳಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಬಿಟ್ಟು ಎಂಜಿನ್ ನಿಂತು, ನನ್ನ ತಮ್ಮ ಸೆಳವಿನಲ್ಲಿ ಸಿಕ್ಕಿಕೊಳ್ಳಬಹುದಿತ್ತು.

ಅಲ್ಲಿಂದ ಮುಂದೆ ಬಿಚ್ಚುವ ಜೋಡಿಸುವ ಕೆಲಸವನ್ನು ನಾನೇ ಕೈಗೆತ್ತಿಕೊಂಡೆ. ಮೊದಲು ಗೇರ್ ಭಾಗವನ್ನು ಕೆಳಗಿಳಿಸಿದೆ. ಬೋಲ್ಟುಗಳನ್ನು ಬಿಚ್ಚುವ ಮುನ್ನ ಮೂರು ದಿನ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹನಿಸಿ, ಗ್ಯಾಸ್ ಟಾರ್ಚಿನಿಂದ ಸುತ್ತಲಿನ ಅಲ್ಯೂಮಿನಿಯಮನ್ನು ಹದವಾಗಿ ಬಿಸಿ ಮಾಡಿ, ತುಸು ಬಿಗಿದು ತುಸು ಸಡಿಲಿಸಿ, ಹೀಗೆ ಹಿಂದೆ ಮುಂದೆ ಆಡಿಸುತ್ತ ತೆಗೆದೆ. ಒಂದೂ ಮುರಿಯಲಿಲ್ಲ. ಗೇರ್ ಬದಲಿಸುವ ಸಲಾಕೆಯ ಕೊಂಡಿಯನ್ನು ಮೊದಲೇ ಬಿಡಿಸಬೇಕೆಂಬುದನ್ನು ಮರೆತು ಎಳೆಯತೊಡಗಿದರೆ ಭಾಗ ಇಳಿಯುವುದಿಲ್ಲ, ಜೋರು ಮಾಡಿದರೆ ಸಲಾಕೆ ಬಾಗುತ್ತದೆ. ಇಲ್ಲಿ ಅವಸರ ಮಾಡಬಾರದು.

ಪಂಪಿನ ಮುಚ್ಚಳ ತೆಗೆದಾಗ ಇಂಪೆಲ್ಲರಿನ ಮೂರು ರೆಕ್ಕೆಗಳು ಬುಡದಲ್ಲೇ ಮುರಿದಿದ್ದವು. ಉಳಿದವು ಒಂದೇ ಕಡೆಗೆ ಬಾಗಿದ ಸ್ಥಿತಿಯಲ್ಲೇ ಗಟ್ಟಿಯಾಗಿ, ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನಂತೆ ಪುಡಿಯಾದವು. ಒಂದೂವರೆ ನಿಮಿಷದ ಒಣ ಓಟ ಅದನ್ನು ಮುಗಿಸಿತ್ತಾದರೂ, ಒಂಬತ್ತು ವರ್ಷ ಅಲುಗಾಡದೆ ನಿಂತಾಗಲೇ ಅದರ ಆಯುಷ್ಯ ತೀರಿತ್ತೆಂಬುದು ನ್ಯಾಯವಾದ ಮಾತು. ಹಳೆಯ ಮೋಟರ್ ತಂದವರು ಇದನ್ನು ನೋಡಿ ತೀರ್ಮಾನಿಸುವ ಅಗತ್ಯವೇ ಇಲ್ಲ. ಚಾಲೂ ಮಾಡುವ ಮೊದಲೇ ಬದಲಿಸಬೇಕು. ಹೊಸ ಇಂಪೆಲ್ಲರ್, ಅದರ ಕೀಲಿ, ಸವೆದ ತಟ್ಟೆಗೆ ಬದಲಿ ತಟ್ಟೆ ಮತ್ತು ಗ್ಯಾಸ್ಕೆಟ್ ಸೇರಿದ ಕಿಟ್ಟನ್ನು ಮಂಗಳೂರಿನ ಬಂದರು ಪ್ರದೇಶದ ಬಿಡಿಭಾಗದ ಅಂಗಡಿಯಿಂದ ಪಾರ್ಸಲ್ ತರಿಸಿದೆ, 2,300 ರೂಪಾಯಿ. ಹಾಕುವಾಗ ಶಾಫ್ಟನ್ನು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸುತ್ತ ಒತ್ತಬೇಕು, ಆಗ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಒಣದಾಗಿ ಹಾಕಬಾರದು, ಸಾಬೂನು ನೀರನ್ನಾದರೂ ಸವರಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮುರಿದ ರೆಕ್ಕೆಗಳು ಮೂರು, ಪಂಪಿನ ಗೂಡಿನಲ್ಲಿ ಸಿಕ್ಕ ತುಂಡುಗಳು ಎರಡು. ಮೂರನೆಯದು ಎಲ್ಲಿ? ಪಂಪ್ ಹೊಸದಾಯಿತಲ್ಲ ಎಂದು ಜೋಡಿಸಿಬಿಟ್ಟಿದ್ದರೆ ಆ ತುಂಡು ಮೇಲೆ ಹೋಗಿ ಯಾವುದೋ ಇಕ್ಕಟ್ಟಾದ ತಿರುವಿನಲ್ಲಿ ಕುಳಿತು, ಧಾರೆ ಬರುತ್ತಿದ್ದರೂ ಒಂದು ಸಿಲಿಂಡರ್ ಮಾತ್ರ ಕಾಯುವಂತೆ ಮಾಡುತ್ತಿತ್ತು. ನೀರಿನ ಕೊಳವೆಯಲ್ಲಿ ತಂತಿ ತೂರಿಸಿದೆ, ಗಾಳಿ ಊದಿದೆ, ಸಿಗಲಿಲ್ಲ. ಎರಡು ಸಂಜೆ ಹುಡುಕಿದ ಮೇಲೆ ಕೊಳವೆಯು ಎಂಜಿನಿನ ತಳವನ್ನು ಸೇರುವ ಮೇಲ್ತುದಿಯ ರಬ್ಬರ್ ಬಿರಡೆಯ ಹಿಂದೆ, ಕಡಲೆಕಾಳಿನಷ್ಟು ಗಾತ್ರದ ಆ ಚೂರು ಉಪ್ಪಿನೊಂದಿಗೆ ಅಂಟಿಕೊಂಡು ಸಿಕ್ಕಿತು. ಮೂರನ್ನೂ ಸಾಲಾಗಿ ಇಟ್ಟು ಹಳೆಯ ಚಕ್ರದ ಬುಡಗಳಿಗೆ ಹೊಂದಿಸಿ ನೋಡಿದ ನಂತರವೇ ಮುಂದಿನ ಕೆಲಸಕ್ಕೆ ಕೈ ಹಾಕಿದೆ.

ಮುರಿದ ಬೋಲ್ಟಿಗಾಗಿ ಹೋದದ್ದು ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಲೇಥ್ ವರ್ಕ್‌ಶಾಪಿಗೆ. ಇಬ್ಬರೇ ಕೆಲಸ ಮಾಡುವ ಸಣ್ಣ ಜಾಗ. ಔಟ್‌ಬೋರ್ಡ್ ಮೋಟರನ್ನು ಅವರು ಹಿಂದೆ ನೋಡಿರಲೇ ಇಲ್ಲ, ಮತ್ತು ಅದನ್ನು ಮೊದಲೇ ಹೇಳಿದರು. ‘ಮೋಟರ್ ನಮಗ ಗೊತ್ತಿಲ್ರಿ, ಬೋಲ್ಟ್ ಗೊತ್ತೈತಿ’ ಎಂದು ಹಿರಿಯರು ಅಂದಾಗಲೇ ನನಗೆ ಧೈರ್ಯ ಬಂತು. ಕೈಡ್ರಿಲ್ ಬಳಸದೆ ಇಡೀ ಸಿಲಿಂಡರ್ ಬ್ಲಾಕನ್ನು ಯಂತ್ರದ ಮೇಜಿಗೆ ಬಿಗಿದು, ಬೋಲ್ಟಿನ ನಡುವಿಗೆ ಸರಿಯಾಗಿ ಗುರುತು ಹಾಕಿ, ಸಣ್ಣ ಬಿಟ್ಟಿನಿಂದ ಆರಂಭಿಸಿ ಹಂತ ಹಂತವಾಗಿ ಕೊರೆದು ತೆಗೆದರು. ತೂತಿನೊಳಗೆ ಬೋಲ್ಟ್ ಹಿಡಿಯುವ ಹಳೆಯ ಮರೆ (ತಿರುಪಿನ ಗೆರೆ) ಹಾಳಾಗಿದ್ದುದರಿಂದ ಸ್ಟೀಲ್ ತಂತಿಯ ಸುರುಳಿ ಮರೆ ಕೂರಿಸಿದರು. ಹೆಡ್ಡಿನ ಮುಖವನ್ನು ಗಾಜಿನ ಹಲಗೆಯ ಮೇಲೆ ಪರೀಕ್ಷಿಸಿ, ತುಸು ಬಾಗಿದ್ದನ್ನು ತೋರಿಸಿ, ಸಮ ಮಾಡಿಕೊಟ್ಟರು. ಎರಡು ದಿನ, 1,600 ರೂಪಾಯಿ. ಕೆಲಸ ಮುಗಿದ ಮೇಲೆ ಕೊರೆದು ತೆಗೆದ ಬೋಲ್ಟಿನ ಚೂರುಗಳನ್ನು ಕಾಗದದಲ್ಲಿ ಸುತ್ತಿ ಕೈಗಿತ್ತರು. ಹುಬ್ಬಳ್ಳಿಯಲ್ಲಿ ಇಂಥ ಲೇಥ್ ಕೆಲಸಗಾರರು ಇರುವವರೆಗೆ ಕರಾವಳಿಯ ಯಂತ್ರವನ್ನು ಬಯಲುಸೀಮೆಯಲ್ಲಿ ಉಳಿಸಿಕೊಳ್ಳುವುದು ಕಷ್ಟವಾಗದು.

ಹೆಡ್ ಬಿಚ್ಚಿದಾಗ ಕಂಡ ದೃಶ್ಯವೇ ಈ ಖರೀದಿಯ ನಿಜವಾದ ಲೆಕ್ಕ. ಸಿಲಿಂಡರುಗಳ ಒಳಗೋಡೆ ಕನ್ನಡಿಯಂತಿತ್ತು, ಆದರೆ ಅವುಗಳ ಸುತ್ತಲಿನ ನೀರಿನ ಕಾಲುವೆಗಳಲ್ಲಿ ಬೂದುಬಿಳಿ ಬಣ್ಣದ ಉಪ್ಪು, ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದ ಗಾರೆಯಂತೆ ಅರ್ಧ ದಾರಿಯನ್ನು ಮುಚ್ಚಿತ್ತು. ಹೊಸ ಇಂಪೆಲ್ಲರ್ ಹಾಕಿದ್ದರೂ ಇಷ್ಟು ಕಿರಿದಾದ ದಾರಿಯಲ್ಲಿ ಸಾಕಷ್ಟು ನೀರು ಹೋಗುತ್ತಿರಲಿಲ್ಲ. ಕಾಸ್ಟಿಕ್ ಸೋಡಾ ಅಥವಾ ಶೌಚಾಲಯ ತೊಳೆಯುವ ಆ್ಯಸಿಡ್ ಹಾಕುವ ಸಲಹೆ ಕೊಟ್ಟವರಿದ್ದರು. ಎರಡೂ ಅಲ್ಯೂಮಿನಿಯಮನ್ನು ತಿನ್ನುತ್ತವೆ. ನಾನು ಬಿಳಿ ವಿನೆಗರನ್ನು ಬಿಸಿನೀರಿನಲ್ಲಿ ಬೆರೆಸಿ, ಒಮ್ಮೆಗೆ ಅರ್ಧ ತಾಸು ನೆನೆಸಿ, ಬಿದಿರಿನ ಸೀಳಿನಿಂದ ಕೆರೆದು, ಸಾಕಷ್ಟು ನೀರಿನಲ್ಲಿ ತೊಳೆದು, ಮತ್ತೆ ನೆನೆಸಿದೆ. ನಾಲ್ಕು ಭಾನುವಾರಗಳ ಬಹುಪಾಲು ಇದಕ್ಕೇ ಹೋಯಿತು. ಕೊನೆಗೆ ಮೇಲಿನಿಂದ ಸುರಿದ ನೀರು ತಡೆಯಿಲ್ಲದೆ ಕೆಳಗಿನಿಂದ ಸುರಿಯಿತು.

ಗೇರ್ ಎಣ್ಣೆಯಲ್ಲಿ ನೀರು ಸೇರಿದ್ದರ ಕಾರಣ ಪ್ರೊಪೆಲ್ಲರ್ ತೆಗೆದ ಕೂಡಲೇ ತಿಳಿಯಿತು: ಅದರ ಹಿಂದೆ ಶಾಫ್ಟಿಗೆ ನೈಲಾನ್ ಬಲೆಯ ದಾರ ಸುತ್ತಿಕೊಂಡು, ಆಯಿಲ್ ಸೀಲಿನ ತುಟಿಯನ್ನು ಕೊಯ್ದಿತ್ತು. ಮೀನುಗಾರಿಕೆಯ ಮೋಟರುಗಳಲ್ಲಿ ಇದು ಬಹಳ ಸಾಮಾನ್ಯ. ಸೀಲುಗಳಿಗೆ 720, ಗೇರ್ ಎಣ್ಣೆಗೆ 380 ರೂಪಾಯಿ. ಹೊಸ ಎಣ್ಣೆಯನ್ನು ಮೇಲಿನ ತೂತಿನಿಂದ ಹೊಯ್ಯಬಾರದು. ಕೆಳಗಿನ ತೂತಿನಿಂದ ಒತ್ತುತ್ತ ಬಂದು, ಮೇಲಿನದರಿಂದ ಗುಳ್ಳೆಯಿಲ್ಲದೆ ಉಕ್ಕಿದಾಗ ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಈಗ ನನ್ನ ತಮ್ಮ ವಾರಕ್ಕೊಮ್ಮೆ ಪ್ರೊಪೆಲ್ಲರ್ ತೆಗೆದು ದಾರ ಸುತ್ತಿದೆಯೇ ಎಂದು ನೋಡುತ್ತಾನೆ.

ಇಂಧನದ ವಿಷಯದಲ್ಲಿ ಕಾಲ ಬದಲಾಗಿದೆ. ಇಂದಿನ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. ಈ ಮೋಟರ್ ತಯಾರಾದಾಗ ಅದರ ಪೈಪುಗಳನ್ನೂ ರಬ್ಬರುಗಳನ್ನೂ ಆ ಲೆಕ್ಕದಲ್ಲಿ ಮಾಡಿರಲಿಲ್ಲ. ಹಳೆಯ ಪೆಟ್ರೋಲ್ ಪೈಪು ಎರಡೇ ವಾರದಲ್ಲಿ ಉಬ್ಬಿ ಮೆತ್ತಗಾದ್ದರಿಂದ ಅದನ್ನೂ, ಕೈಯಿಂದ ಒತ್ತುವ ರಬ್ಬರ್ ಬಲ್ಬನ್ನೂ 1,400 ರೂಪಾಯಿ ಕೊಟ್ಟು ಬದಲಿಸಿದೆ. ಎಥೆನಾಲ್ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಹೀರುವುದು ಆ ತಳದ್ದನ್ನೇ. ಹೊಳೆಯ ದಂಡೆಯ ಹವೆಯಲ್ಲಿ ಇದು ಬೇಗ ಆಗುತ್ತದೆ. ಆದ್ದರಿಂದ ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತಂದು, 50 ಪಾಲಿಗೆ 1 ಪಾಲಿನಂತೆ ಆಯಿಲ್ ಬೆರೆಸುತ್ತೇವೆ. ಬೈಕಿನ 2ಟಿ ಆಯಿಲ್ ಅಗ್ಗವಾಗಿ ಸಿಗುತ್ತದೆಂದು ಅದನ್ನು ಬಳಸುವುದು ಬೇಡ. ನೀರಿನಿಂದ ತಣಿಯುವ ಔಟ್‌ಬೋರ್ಡುಗಳಿಗೆ ಟಿಸಿ-ಡಬ್ಲ್ಯೂ3 ಎಂಬ ಗುರುತಿನ, ಬೂದಿ ಉಳಿಸದ ಆಯಿಲ್ ಬೇಕು.

ಊರಿನಲ್ಲಿ 200 ಲೀಟರಿನ ಡ್ರಮ್ಮಿನ ಬಾಯಿಗೆ ಹಲಗೆ ಬಿಗಿದು, ಪ್ರೊಪೆಲ್ಲರಿನ ಮೇಲಿನ ಅಗಲ ತಟ್ಟೆ ಪೂರ್ತಿ ಮುಳುಗುವಷ್ಟು ನೀರು ತುಂಬಿ, ಮೋಟರ್ ಇಳಿಸಿದೆವು. ಎರಡನೆಯ ಎಳೆತಕ್ಕೆ ಹೊತ್ತಿಕೊಂಡಿತು. ಆಗ ಯಾರೂ ಎಂಜಿನಿನ ಸದ್ದನ್ನು ಕೇಳುತ್ತಿರಲಿಲ್ಲ; ನಾವೆಲ್ಲ ಹಿಂಬದಿಯ ಆ ಸಣ್ಣ ರಂಧ್ರವನ್ನೇ ನೋಡುತ್ತಿದ್ದೆವು. ಮೊದಲು ಉಗುಳಿದಂತೆ ನಾಲ್ಕು ಹನಿ, ಆಮೇಲೆ ಕಂದು ನೀರು, ಅರ್ಧ ನಿಮಿಷದೊಳಗೆ ಹೆಬ್ಬೆಟ್ಟಿನಿಂದ ತಡೆದರೂ ಒತ್ತಿ ಬರುವಂಥ ತಿಳಿನೀರಿನ ಧಾರೆ. ಹತ್ತು ನಿಮಿಷ ಓಡಿದ ಮೇಲೂ ಹೆಡ್ಡಿನ ಮೇಲೆ ಅಂಗೈ ಇಟ್ಟು ತಾಳಿಕೊಳ್ಳುವಷ್ಟೇ ಬಿಸಿಯಿತ್ತು. ಚಿಕ್ಕಮ್ಮ ಅಂದೇ ಹೊಳೆಗೆ ಹೋಗಿ ಗಂಗವ್ವನಿಗೆ ಕಾಯಿ ಒಡೆದು ಬಂದರು.

ದೋಣಿಗೆ ಕೂರಿಸುವಾಗ ಇನ್ನೊಂದು ತೊಡಕು ಎದುರಾಯಿತು, ಅದು ಪೂರ್ತಿಯಾಗಿ ನನ್ನ ಅಜಾಗರೂಕತೆಯಿಂದ ಆದದ್ದು. ಸಮುದ್ರದ ದೋಣಿಗಳಿಗೆ ತಕ್ಕಂತೆ ಈ ಮೋಟರಿನದು 20 ಅಂಗುಲದ ಉದ್ದ ಕಾಲು. ನಮ್ಮ ದೋಣಿಯ ಹಿಂಬದಿಯ ಹಲಗೆ 15 ಅಂಗುಲದ್ದು. ಹಾಗೆಯೇ ಕೂರಿಸಿದರೆ ಪ್ರೊಪೆಲ್ಲರ್ ಐದು ಅಂಗುಲ ಹೆಚ್ಚು ಆಳಕ್ಕೆ ಹೋಗುತ್ತದೆ, ಫೆಬ್ರವರಿಯ ನಂತರ ಬಂಡೆಗಳು ತಲೆ ಎತ್ತುವ ನಮ್ಮ ಹೊಳೆಯಲ್ಲಿ ಅದು ಅಪಾಯ. ಊರಿನ ಬಡಿಗರಿಂದ ಸಾಗವಾನಿಯ ದಪ್ಪ ಹಲಗೆಯ ಎತ್ತರದ ಪಟ್ಟಿ ಮಾಡಿಸಿ, ಹಲಗೆಯನ್ನು ತೂರಿ ಆಚೆ ಬರುವ ಬೋಲ್ಟುಗಳಿಂದ ಬಿಗಿಸಿದೆವು. ಮೋಟರಿನ ತಿರುಪುಗಳು ಸಡಿಲವಾದರೂ ಅದು ಹೊಳೆಗೆ ಬೀಳದಂತೆ ದೋಣಿಗೆ ಸರಪಳಿ ಕಟ್ಟಿದ್ದೇವೆ. ಕೊಳ್ಳುವ ಮುನ್ನ ದೋಣಿಯ ಹಲಗೆಯನ್ನು ಅಳೆದುಕೊಂಡು ಹೋಗುವುದು ಒಂದು ನಿಮಿಷದ ಕೆಲಸ.

ಡಿಸೆಂಬರ್ ಮೊದಲ ವಾರದಿಂದ ಮಾರ್ಚಿನವರೆಗೆ ಅದು ಹೆಚ್ಚು ಕಡಿಮೆ ದಿನಾಲೂ ಓಡಿತು. ಒಂದೂಕಾಲು ತಾಸಿನ ದಾರಿ ಹದಿನೆಂಟು ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಅರ್ಧ ಥ್ರಾಟಲಿನಲ್ಲಿ ತಾಸಿಗೆ ಸುಮಾರು ಎರಡು ಲೀಟರ್ ಖರ್ಚು. ಪೂರ್ತಿ ತಿರುಗಿಸಿದರೆ ಖರ್ಚು ದುಪ್ಪಟ್ಟಾಗುತ್ತದೆ, ವೇಗ ಅಷ್ಟೇನೂ ಹೆಚ್ಚುವುದಿಲ್ಲ, ಏಕೆಂದರೆ ಭಾರ ಹೊತ್ತ ದೋಣಿ ನೀರಿನ ಮೇಲೆ ಏಳುವುದಿಲ್ಲ. ಎಳೆಯುವ ಬಲ, ಗೇರಿನ ಹಿಡಿತ, ಚಳಿಯ ಮುಂಜಾವಿನಲ್ಲೂ ಎರಡು ಮೂರು ಎಳೆತಕ್ಕೆ ಹೊತ್ತುವ ಗುಣ, ಮತ್ತು ಹಳ್ಳಿಯ ಪಾನಾ ಪೆಟ್ಟಿಗೆಯಿಂದಲೇ ಬಿಚ್ಚಲು ಬರುವ ಸರಳ ರಚನೆ, ಈ ನಾಲ್ಕರಲ್ಲೂ ಮೋಟರ್ ನನಗೆ ಪೂರ್ಣ ತೃಪ್ತಿ ಕೊಟ್ಟಿದೆ. ಮೀನಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಸದ್ದಿಗೆ ಮೀನು ಮಡುವಿನ ತಳ ಸೇರುತ್ತದೆ. ಅದಕ್ಕಾಗಿ ಬಲೆ ಬಿಡುವುದು ಇಂದಿಗೂ ಹುಟ್ಟಿನಿಂದಲೇ, ಮೋಟರ್ ಮರಳುವ ದಾರಿಗೆ ಮಾತ್ರ.

ನನ್ನನ್ನು ಇಂದಿಗೂ ಕಾಡುವ ಸಂಗತಿ ಹೊಗೆ ಮತ್ತು ಎಣ್ಣೆ. ಎರಡು ಸ್ಟ್ರೋಕ್ ಎಂಜಿನ್ ತನ್ನ ಇಂಧನದ ಒಂದು ಪಾಲನ್ನು ಸುಡದೆಯೇ ಹೊರಗೆ ಬಿಡುತ್ತದೆ, ಔಟ್‌ಬೋರ್ಡಿನಲ್ಲಿ ಅದು ನೇರವಾಗಿ ನೀರಿಗೇ ಸೇರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಊರುಗಳು ಕುಡಿಯುವ ನೀರಿಗೆ ಈ ಹೊಳೆಯನ್ನೇ ನಂಬಿವೆ. ದಿನಕ್ಕೆ ಇಪ್ಪತ್ತು ನಿಮಿಷದ ಓಟವೆಂದು ನಾನು ಒಪ್ಪಿಕೊಂಡಿದ್ದೇನೆ. ಪ್ರವಾಸಿಗರನ್ನು ಕೂರಿಸಿಕೊಂಡು ದಿನವಿಡೀ ತಿರುಗಿಸಲು ಇಂಥ ಮೋಟರನ್ನು ಯಾರಾದರೂ ಕೇಳಿದರೆ ನಾಲ್ಕು ಸ್ಟ್ರೋಕಿನದನ್ನೇ ಕೊಳ್ಳಿ ಎನ್ನುತ್ತೇನೆ. ಹಾಗೆಯೇ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರಚಾಲಿತ ಒಳನಾಡು ಹಡಗುಗಳಿಗೆ ನೋಂದಣಿ ಕಡ್ಡಾಯವಾಗಿದೆ. ಮೋಟರ್ ಕೂರಿಸುವ ಮೊದಲೇ ಕಾಗದಪತ್ರ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಗ್ಯಾಸ್ಕೆಟ್, ಕಾರ್ಬ್ಯುರೇಟರ್ ಕಿಟ್, ಪ್ಲಗ್, ಸಾಗಾಣಿಕೆ ಎಲ್ಲ ಕೂಡಿ ಒಟ್ಟು ಖರ್ಚು 45,080 ರೂಪಾಯಿ. ಇದರಲ್ಲಿ ಮೊದಲ ವರ್ಕ್‌ಶಾಪಿನ 2,500 ಮತ್ತು ಲೇಥಿನ 1,600ರ ಬಹುಪಾಲು, ನಾನು ಮೊದಲೇ ಕೆಳಗಿನ ಭಾಗ ಬಿಚ್ಚಿ ನೋಡಿದ್ದರೆ ಉಳಿಯುತ್ತಿದ್ದವು. ಸ್ವತಃ ಪಾನಾ ಹಿಡಿಯಬಲ್ಲವರಿಗೆ, ಅಥವಾ ತಮ್ಮ ಮಾತು ಕೇಳುವ ಮಿಸ್ತ್ರಿ ಇರುವವರಿಗೆ ಇಂಥ ಖರೀದಿಯನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ. ಎಲ್ಲವನ್ನೂ ಕೂಲಿ ಕೊಟ್ಟು ಮಾಡಿಸಬೇಕಾದವರು ಬಳಕೆಯಲ್ಲೇ ಇರುವ ಮೋಟರನ್ನು ಹತ್ತು ಸಾವಿರ ಹೆಚ್ಚು ಕೊಟ್ಟು ಕೊಳ್ಳುವುದು ಲೇಸು. ಬಾಕಿ ಉಳಿದಿರುವುದು ಒಂದೇ ಕೆಲಸ: ತುಕ್ಕನ್ನು ತನ್ನ ಮೇಲೆ ಎಳೆದುಕೊಳ್ಳುವ ಸತುವಿನ ತುಂಡು ಮುಕ್ಕಾಲು ಕರಗಿದೆ. ಸತುವು ಸಮುದ್ರಕ್ಕೆ ಸರಿ, ಸಿಹಿನೀರಿನಲ್ಲಿ ಅದರ ಮೇಲೆ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಅಲ್ಯೂಮಿನಿಯಮ್ಮಿನದು ಅಥವಾ ಮೆಗ್ನೀಸಿಯಮ್ಮಿನದು ಬೇಕು. ಇನ್ನೂ ಸಿಕ್ಕಿಲ್ಲ.

ಹೊಳೆ ಇಳಿದ ಮೇಲೆ ಏಪ್ರಿಲಿನಲ್ಲಿ ಮೋಟರನ್ನು ಮನೆಗೆ ತಂದೆವು. ಡ್ರಮ್ಮಿನಲ್ಲಿ ಓಡುತ್ತಿರುವಾಗಲೇ ಪೆಟ್ರೋಲ್ ಪೈಪು ಕಳಚಿ, ಕಾರ್ಬ್ಯುರೇಟರ್ ಬರಿದಾಗಿ ತಾನೇ ನಿಲ್ಲುವವರೆಗೆ ಬಿಟ್ಟೆವು. ಸಿಲಿಂಡರುಗಳಿಗೆ ಎಣ್ಣೆ ಹಾಕಿ, ಗೇರ್ ಎಣ್ಣೆ ಬದಲಿಸಿ, ಪಡಸಾಲೆಯ ಮೂಲೆಯಲ್ಲಿ ಸಾಗವಾನಿಯ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದೇವೆ. ಪ್ರತಿ ಅಮಾವಾಸ್ಯೆಯ ದಿನ, ದೋಣಿಗೆ ಪೂಜೆ ಮಾಡುವ ಹೊತ್ತಿನಲ್ಲಿ, ನನ್ನ ತಮ್ಮ ಅದರ ಕಾಲ ಕೆಳಗೆ ನೀರು ತುಂಬಿದ ಬಕೆಟ್ ಇಟ್ಟು, ಪ್ಲಗ್ಗುಗಳನ್ನು ಬಿಚ್ಚಿ, ಹಗ್ಗವನ್ನು ನಾಲ್ಕು ಸಲ ನಿಧಾನವಾಗಿ ಎಳೆಯುತ್ತಾನೆ. ಇಂಪೆಲ್ಲರಿನ ರೆಕ್ಕೆಗಳು ಒಂದೇ ಕಡೆ ಬಾಗಿ ಕೂರಬಾರದೆಂದು.